5 ನಿಮಿಷ 44 ಸೆಕೆಂಡ್: ಪೊಲೀಸ್ ಓಟಕ್ಕೆ ತಯಾರಾದ ಬಗೆ

ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ನಡೆಸುವ ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಯ ದೈಹಿಕ ಪರೀಕ್ಷೆ ಮುಗಿಸಿ ಕಳೆದ ವಾರ ಮನೆಗೆ ಬಂದೆ. ಪಾಸಾದೆ. ಬಂದ ಮರುದಿನದಿಂದಲೇ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹುಡುಗರ ಫೋನ್ ಶುರುವಾಗಿದೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಪರೀಕ್ಷೆಯ ಎಂಟೂ ಐಟಂ ಅಭ್ಯಾಸ ಮಾಡಬೇಕಾ, ಓಟ ಮಾತ್ರ ಹಿಡಿದರೆ ಸಾಕಾ? ಓಟದಲ್ಲಿ ದಿನಾ ಜೋರಾಗಿ ಓಡಬೇಕಾ, ನಿಧಾನಕ್ಕೆ ಓಡಬೇಕಾ? ಮಲಯಾಳದಲ್ಲಿ ಇದರ ಬಗ್ಗೆ ವೀಡಿಯೊ ಬೇಕಾದಷ್ಟಿವೆ. ಕನ್ನಡ ಮೀಡಿಯಂನಲ್ಲಿ ಕಲಿತ ನಮ್ಮ ಕಡೆಯವರಿಗೆ ಹೇಳಿದ ಹಾಗೆ ಬರೆದದ್ದು ನನಗಂತೂ ಸಿಗಲಿಲ್ಲ. ಅದಕ್ಕೇ ನಡೆದ ಕ್ರಮದಲ್ಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ನಿಯಮ ಹೇಳಿಬಿಡುತ್ತೇನೆ. ಗಂಡಸರಿಗೆ ಎತ್ತರ 168 ಸೆಂಟಿಮೀಟರ್ ಬೇಕು. ಎದೆ 81 ಸೆಂಟಿಮೀಟರ್, ಉಸಿರು ತುಂಬಿದಾಗ ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲಿ ರಿಯಾಯಿತಿ ಇದೆ. ಆಮೇಲೆ ಎಂಟು ಐಟಂ. 100 ಮೀಟರ್ ಓಟ 14 ಸೆಕೆಂಡಿನಲ್ಲಿ. ಹೈಜಂಪ್ 132.20 ಸೆಂಟಿಮೀಟರ್. ಲಾಂಗ್‌ಜಂಪ್ 457.20 ಸೆಂಟಿಮೀಟರ್. ಗುಂಡೆಸೆತ, 7 ಕಿಲೋ 264 ಗ್ರಾಂ ಗುಂಡನ್ನು 609.60 ಸೆಂಟಿಮೀಟರ್ ದೂರ. ಕ್ರಿಕೆಟ್ ಚೆಂಡು ಎಸೆತ 60.96 ಮೀಟರ್. ಕೈಯಿಂದ ಮಾತ್ರ ಹಗ್ಗ ಹತ್ತುವುದು 365.80 ಸೆಂಟಿಮೀಟರ್. ಪುಲ್-ಅಪ್ 8. ಕೊನೆಯದು 1500 ಮೀಟರ್ ಓಟ, 5 ನಿಮಿಷ 44 ಸೆಕೆಂಡಿನಲ್ಲಿ. ಈ ಎಂಟರಲ್ಲಿ ಯಾವುದಾದರೂ ಐದು ಗೆದ್ದರೆ ಪಾಸು. ಐದಕ್ಕಿಂತ ಜಾಸ್ತಿ ಗೆದ್ದರೆ ಹೆಚ್ಚಿನ ಅಂಕ ಇಲ್ಲ.

ಅರ್ಜಿ ಹಾಕಲು ದುಡ್ಡು ಬೇಡ. ಪಿಎಸ್‌ಸಿಯ ‘ತುಳಸಿ’ ಪೋರ್ಟಲ್‌ನಲ್ಲಿ ಒಮ್ಮೆ ಪ್ರೊಫೈಲ್ ಮಾಡಿಟ್ಟರೆ ಆಯಿತು. ಆದರೆ ಅರ್ಜಿ ಹಾಕಿ ಸುಮ್ನೆ ಕೂತರೆ ಆಗುವುದಿಲ್ಲ. ಪರೀಕ್ಷೆಗೆ ಮೊದಲು ಪ್ರೊಫೈಲ್‌ಗೆ ಹೋಗಿ ‘ನಾನು ಬರೆಯುತ್ತೇನೆ’ ಎಂದು ಕನ್ಫರ್ಮೇಶನ್ ಕೊಡಬೇಕು. ಕೊಡದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕು ಎನ್ನುವವರು ಭಾಷೆಯ ಜಾಗದಲ್ಲಿ ಕನ್ನಡ ಗುರುತು ಬಿದ್ದಿದೆಯಾ ಎಂದು ಕಣ್ಣಾರೆ ನೋಡಿಕೊಳ್ಳಿ. ಕಾಸರಗೋಡಿನ ನಮಗೆ ಇದು ಹಕ್ಕಾಗಿ ಸಿಕ್ಕ ಸೌಲಭ್ಯ. ನಾನು ಕನ್ನಡದಲ್ಲೇ ಬರೆದೆ.

ಬರೆಯುವ ಪರೀಕ್ಷೆಯ ವಿಷಯ ಇಲ್ಲಿ ಬೇಡ. ಅದು ಮುಗಿದ ಮೇಲೆ ಶಾರ್ಟ್‌ಲಿಸ್ಟ್ ಬರುವ ತನಕದ ಕಾಯುವಿಕೆ ಇದೆಯಲ್ಲ, ಅದು ತಿಂಗಳುಗಟ್ಟಲೆ. ಹೆಸರು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಂದ ಮೇಲೆ ಅಭ್ಯಾಸ ಮಾಡುತ್ತೇನೆ ಎಂದರೆ ಹೊತ್ತು ಸಾಲುವುದಿಲ್ಲ. ಬರದಿದ್ದರೆ ಮಾಡಿದ್ದು ವ್ಯರ್ಥ ಅನಿಸುತ್ತದೆ. ಮನೆಯಲ್ಲಿ ತೋಟದ ಕೆಲಸ ಬೇರೆ. ಈ ಗೊಂದಲದಲ್ಲೇ ನಾನು ಹೈಸ್ಕೂಲಿನಲ್ಲಿದ್ದಾಗ ಪಾಠ ಮಾಡಿದ್ದ ಪಿ.ಟಿ. ಮಾಸ್ಟ್ರ ಮನೆಗೆ ಹೋದೆ. ಅವರು ರಿಟೈರ್ ಆಗಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ.

ಮಾಸ್ಟ್ರು ಓಡು ಎನ್ನಲಿಲ್ಲ. ಒಂದು ಹಳೆ ಕ್ಯಾಲೆಂಡರ್ ಹಾಳೆ ತಿರುಗಿಸಿ, ಎಂಟೂ ಐಟಂ ಬರೆಸಿ, ಯಾವುದು ಯಾವುದರ ಜೊತೆ ಹೋಗುತ್ತದೆ ಎಂದು ಗೆರೆ ಎಳೆದರು. 100 ಮೀಟರ್ ಮತ್ತು ಲಾಂಗ್‌ಜಂಪ್ ಒಂದು ಜೋಡಿ. ಓಡಿ ಬರುವ ವೇಗ ಇದ್ದವನಿಗೆ ನಾಲ್ಕೂವರೆ ಮೀಟರ್ ಹಾರುವುದು ಕಷ್ಟ ಅಲ್ಲ. ಪುಲ್-ಅಪ್ ಮತ್ತು ಹಗ್ಗ ಇನ್ನೊಂದು ಜೋಡಿ. ಎರಡಕ್ಕೂ ಬೇಕಾದ್ದು ಎಳೆಯುವ ಬಲ, ಹಗುರ ದೇಹ. ಗುಂಡು ಮತ್ತು ಚೆಂಡು ಮೂರನೇ ಜೋಡಿ, ಅದಕ್ಕೆ ಭುಜದ ಅಭ್ಯಾಸ ವರ್ಷಗಟ್ಟಲೆ ಬೇಕು. ಹೈಜಂಪ್ ಒಂಟಿ, ಪೂರ್ತಿ ಕಲಿಕೆಯ ವಿದ್ಯೆ. 1500 ಕೂಡ ಒಂಟಿ, ಆದರೆ ಅದನ್ನು ದುಡಿದು ಸಂಪಾದಿಸಬಹುದು.

‘ಎಂಟನ್ನೂ ಹಿಡಿಯಬೇಡ, ಐದು ಹಿಡಿ. ಐದರಲ್ಲೂ ಒಂದು ಸಲಕ್ಕೆ ಒಂದನ್ನು ಗಟ್ಟಿಯಾಗಿ ಹಿಡಿ. ಉಳಿದ ನಾಲ್ಕು ಆರಿಹೋಗದ ಹಾಗೆ ನೋಡಿಕೊಂಡರೆ ಸಾಕು’ ಎಂದರು.

ನಾನು 61 ಕಿಲೋ ತೂಗುವವನು. ಅಡಿಕೆ ಮರ ಹತ್ತಿ ಅಭ್ಯಾಸ ಇದೆ. ಹಾಗಾಗಿ ಹಗ್ಗ, ಪುಲ್-ಅಪ್, 100, ಲಾಂಗ್‌ಜಂಪ್, 1500 ಎಂದು ನಿಶ್ಚಯ ಆಯಿತು. ಮರ ಹತ್ತುವವರಿಗೆ ಒಂದು ಮಾತು: ಮರದಲ್ಲಿ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ, ಕಾಲಿನ ಬಲದಲ್ಲೇ ಮೇಲೆ ಹೋಗುತ್ತೇವೆ. ಹಗ್ಗದಲ್ಲಿ ಕಾಲು ಹಗ್ಗಕ್ಕೆ ತಾಗಿಸುವ ಹಾಗಿಲ್ಲ. ಹಿಡಿತದ ಬಲ ಇದ್ದೇ ಇರುತ್ತದೆ, ಎಳೆಯುವ ಬಲ ಬೇರೆಯಾಗಿ ಬೆಳೆಸಬೇಕು.

ಮರುದಿನ ಬೆಳಗ್ಗೆ ಶಾಲೆಯ ಮೈದಾನಕ್ಕೆ ಹೋದೆವು. ನಾನು ಬೂಟು ಕಟ್ಟುತ್ತಿದ್ದರೆ ಮಾಸ್ಟ್ರು ಚೀಲದಿಂದ 30 ಮೀಟರಿನ ಟೇಪ್ ತೆಗೆದರು. ಆ ಮೈದಾನದ ಒಂದು ಸುತ್ತು 200 ಮೀಟರ್ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆವು. ಇಬ್ಬರೂ ಬಗ್ಗಿ ಬಗ್ಗಿ, ಮೂಲೆಗಳಲ್ಲಿ ಗೂಟ ಹೊಡೆದು, ತಿರುವಿನಲ್ಲಿ ಟೇಪನ್ನು ಗೇಣುಗೇಣಾಗಿ ಬಾಗಿಸಿ ಅಳೆದೆವು. ಬಂದದ್ದು 188 ಮೀಟರ್. ಲೆಕ್ಕ ಹಾಕಿ ನೋಡಿ. ಏಳೂವರೆ ಸುತ್ತು ಓಡಿದರೆ 1500 ಆಯಿತು ಅಂದುಕೊಂಡವನು ಓಡಿದ್ದು 1410. ಬಾಕಿ 90 ಮೀಟರಿಗೆ ಹೆಚ್ಚುಕಡಿಮೆ 20 ಸೆಕೆಂಡ್ ಬೇಕು. ಊರಲ್ಲಿ 5:40 ಓಡುತ್ತೇನೆ ಎಂದು ಧೈರ್ಯದಲ್ಲಿ ಹೋದ ಹುಡುಗ ಅಲ್ಲಿ 6 ನಿಮಿಷಕ್ಕೆ ಬಂದು ನಿಂತರೆ ತಪ್ಪು ಅವನ ಕಾಲಿನದ್ದಲ್ಲ. ದಯವಿಟ್ಟು ಟೇಪ್ ಹಿಡಿದು ಅಳೆಯಿರಿ. ಸಣ್ಣ ಮೈದಾನದಲ್ಲಿ ಸುತ್ತು ಸುತ್ತು ಓಡುವಾಗ ಫೋನಿನ ಜಿಪಿಎಸ್ ನಂಬಬೇಡಿ, ತಿರುವುಗಳಲ್ಲಿ ಅದು ಎಡವುತ್ತದೆ.

ಅಳೆದ ಮೈದಾನದಲ್ಲಿ ನನ್ನ ಮೊದಲ 1500 ಬಂದದ್ದು 6 ನಿಮಿಷ 32 ಸೆಕೆಂಡಿಗೆ. 48 ಸೆಕೆಂಡ್ ಇಳಿಸಬೇಕು. 100 ಮೀಟರ್ 14.1. ಪುಲ್-ಅಪ್ ಆರು.

ಆಗ ಜೂನ್. ಮಳೆ ಹಿಡಿದಿತ್ತು. ನಮ್ಮ ಊರಿನ ಮಳೆ ಗೊತ್ತಲ್ವಾ, ಮೈದಾನದಲ್ಲಿ ಪಾಚಿ, ಮುರಕಲ್ಲಿನ (ಕೆಂಪು ಕಲ್ಲಿನ) ಬಯಲಿನಲ್ಲಿ ಕಾಲಿಟ್ಟರೆ ಜಾರುತ್ತದೆ. ಮಾಸ್ಟ್ರು ಇದನ್ನೇ ಒಳ್ಳೆಯದು ಎಂದರು. ಸೆಪ್ಟೆಂಬರ್ ತನಕ ಜೋರು ಓಟ ಬೇಡ, ವಾರದಲ್ಲಿ ಐದು ದಿನ ನಿಧಾನಕ್ಕೆ ಓಡು. ಎಷ್ಟು ನಿಧಾನ ಎಂದರೆ ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮೊದಲು 20 ನಿಮಿಷ, ಬರಬರುತ್ತಾ 45, ಆದಿತ್ಯವಾರ ಒಂದು ಗಂಟೆ.

ಇದನ್ನು ಒಪ್ಪುವುದು ತುಂಬಾ ಕಷ್ಟ ಆಯಿತು ನನಗೆ. ಐದೂ ಮುಕ್ಕಾಲು ನಿಮಿಷದಲ್ಲಿ ಮುಗಿಯುವ ಓಟಕ್ಕೆ ಒಂದು ಗಂಟೆ ನಿಧಾನಕ್ಕೆ ಓಡುವುದು ಏಕೆ? ನಮ್ಮ ಕಡೆಯದ್ದೇ ಇನ್ನೊಂದು ಗುಂಪು ದಿನಾ ಬೆಳಗ್ಗೆ ಎಂಟೂ ಐಟಂ ಮಾಡುತ್ತಿತ್ತು. ದಿನಾ 1500 ಓಡಿ, ದಿನಾ ಟೈಮ್ ಬರೆದು, ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಿದ್ದರು. ನಾನು ಮಳೆಯಲ್ಲಿ ನೆನೆಯುತ್ತಾ ನೀರ್ಚಾಲಿನ ಕಡೆಗೆ ಒಬ್ಬನೇ ನಿಧಾನಕ್ಕೆ ಹೋಗಿ ಬರುತ್ತಿದ್ದೆ. ಅವರ ಟೈಮ್ ಇಳಿಯುವುದನ್ನು ನೋಡುವಾಗ ಹೊಟ್ಟೆಯಲ್ಲಿ ಹೇಗೆ ಹೇಗೋ ಆಗುತ್ತಿತ್ತು.

ಮಾಸ್ಟ್ರು ಕಾರಣ ಬಿಡಿಸಿ ಹೇಳಿದರು. 100 ಮೀಟರಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ತಯಾರಿರುತ್ತದೆ, ಉಸಿರಿಗೆ ಕಾಯುವುದಿಲ್ಲ. 1500 ಹಾಗಲ್ಲ. ಅದರ ಶಕ್ತಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಪಾಲು ಉಸಿರಾಡಿದ ಗಾಳಿಯಿಂದಲೇ ಬರಬೇಕು. ನಿಧಾನದ ಓಟದಿಂದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುವಿನ ಒಳಗೆ ಕೂದಲಿನಷ್ಟು ಸಣ್ಣ ರಕ್ತನಾಳಗಳು ಹೆಚ್ಚಾಗುತ್ತವೆ. ಇದಕ್ಕೆ ತಿಂಗಳುಗಳು ಬೇಕು, ಅವಸರ ಮಾಡಿದರೆ ಆಗುವುದಿಲ್ಲ. ವೇಗ ಹಾಗಲ್ಲ, ಕೆಲವು ವಾರಗಳಲ್ಲಿ ಹರಿತ ಆಗುತ್ತದೆ. ಆದ್ದರಿಂದ ತಡವಾಗಿ ಬರುವುದನ್ನು ಮೊದಲು ಮಾಡು, ಬೇಗ ಬರುವುದನ್ನು ಕೊನೆಗೆ ಇಡು.

ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಬಗ್ಗೆಯೂ ಅವರೇ ಹೇಳಿದ್ದು. 800 ಮೀಟರ್ ಓಟಗಾರ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800ರ ಚಿನ್ನ, 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ. ಎರಡು ನಿಮಿಷದೊಳಗೆ ಮುಗಿಯುವ ಓಟದ ಆ ಮನುಷ್ಯನನ್ನು ಕೋಚ್ ಆರ್ಥರ್ ಲಿಡಿಯಾರ್ಡ್ ವಾರಕ್ಕೆ 100 ಮೈಲಿ ಓಡಿಸುತ್ತಿದ್ದರು. ಮೊದಲು ದೂರ, ಆಮೇಲೆ ಗುಡ್ಡ, ಕೊನೆಗೆ ವೇಗ. ಒಂದೊಂದು ಕಾಲಕ್ಕೆ ಒಂದೊಂದರ ಮೇಲೆ ಗಮನ. ಎಲ್ಲ ಐಟಂ ಮಾಡುವ ಬ್ಯಾಲೆನ್ಸ್ ಬೇಕು ಎನ್ನುವವರೂ ಸರಿ, ಒಂದನ್ನೇ ಹಿಡಿಯುವ ಫೋಕಸ್ ಬೇಕು ಎನ್ನುವವರೂ ಸರಿ. ಬ್ಯಾಲೆನ್ಸನ್ನು ಒಂದು ದಿನದೊಳಗೆ ತುರುಕಲು ಹೋಗಬಾರದು, ಇಡೀ ತಯಾರಿಯ ತಿಂಗಳುಗಳಲ್ಲಿ ಹರಡಬೇಕು. ಆ ವಾಟ್ಸ್ಆ್ಯಪ್ ಗುಂಪಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ. ಇದು ನನಗೆ ಮನದಟ್ಟಾದ ಮೇಲೆ ವಾಟ್ಸ್ಆ್ಯಪ್ ನೋಡುವುದನ್ನು ಬಿಟ್ಟೆ.

ಮಳೆಗಾಲದಲ್ಲಿ ಬಾಕಿ ನಾಲ್ಕನ್ನು ಪೂರ್ತಿ ಬಿಡಲಿಲ್ಲ. ವಾರಕ್ಕೆ ಎರಡು ದಿನ ಶಾಲೆಯ ಜಗಲಿಯ ಕಬ್ಬಿಣದ ಅಡ್ಡಪಟ್ಟಿಯಲ್ಲಿ ಪುಲ್-ಅಪ್. ಎರಡು ದಿನ ನಿಧಾನದ ಓಟ ಮುಗಿದ ಮೇಲೆ 80 ಮೀಟರಿನ ಐದಾರು ಓಟ, ಪೂರ್ತಿ ಜೋರಲ್ಲ, ಕಾಲಿಗೆ ವೇಗ ಮರೆಯದಿರಲು. ಮನೆಗೆ ಬರುವ ಏರು ದಾರಿಯಲ್ಲಿ ವಾರಕ್ಕೊಮ್ಮೆ ಹತ್ತು ಸೆಕೆಂಡಿನ ಓಟ. ಏರಿನಲ್ಲಿ ಕಾಲು ನೆಲಕ್ಕೆ ಬಡಿಯುವ ಪೆಟ್ಟು ಕಡಿಮೆ, ತೊಡೆಗೆ ಸಿಗುವ ಕೆಲಸ ಜಾಸ್ತಿ. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಅಭ್ಯಾಸಕ್ಕೆ ರಜೆ. ಇಡೀ ದಿನ ತೋಟದಲ್ಲಿ ಪಂಪಿನ ಪೈಪ್ ಎಳೆದವನಿಗೆ ಸಂಜೆ ಬೇರೆ ವ್ಯಾಯಾಮ ಬೇಕಾಗುವುದಿಲ್ಲ.

ಖರ್ಚು ಹೇಳಬೇಕಲ್ಲ. ಬೂಟು 2,900 ರೂಪಾಯಿ. ಮಳೆಯಲ್ಲಿ ಒಂದೇ ಜೊತೆ ಸಾಲದು, ಒಣಗುವುದಿಲ್ಲ. ಎರಡನೆಯದು 1,200ರದ್ದು. ಒಳಗೆ ಪೇಪರ್ ತುರುಕಿ ಅಟ್ಟದಲ್ಲಿ ಇಟ್ಟರೆ ಮರುದಿನಕ್ಕೆ ತಯಾರು. ಊಟಕ್ಕೆ ವಿಶೇಷ ಏನೂ ಮಾಡಲಿಲ್ಲ. ಕುಚ್ಚಿಲಕ್ಕಿ ಅನ್ನ, ಬೂತಾಯಿ ಮೀನು, ಎರಡು ಮೊಟ್ಟೆ, ನೇಂದ್ರ ಬಾಳೆ. ಡಬ್ಬಿಯ ಪೌಡರ್ ತೆಗೆದುಕೊಳ್ಳಲಿಲ್ಲ, ಅದರ ಅವಶ್ಯ ಬೀಳಲೂ ಇಲ್ಲ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟ ಒಂದು ಬೆಳಗ್ಗೆ 1500 ನೋಡಿದೆವು. 6 ನಿಮಿಷ 4 ಸೆಕೆಂಡ್. ಜೋರಾಗಿ ಒಂದು ಸುತ್ತೂ ಅಭ್ಯಾಸ ಮಾಡದೆ 28 ಸೆಕೆಂಡ್ ಇಳಿದಿತ್ತು. ಆ ದಿನ ಮಾಸ್ಟ್ರ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಅಕ್ಟೋಬರಿನಿಂದ 1500ರ ಮೇಲೆ ನೇರ ಗಮನ. ವಾರಕ್ಕೆ ಎರಡೇ ಜೋರು ದಿನ. ಒಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದೂ 90 ಸೆಕೆಂಡಿನಲ್ಲಿ, ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ 20 ನಿಮಿಷದ ಬಿಗಿ ಓಟ, ಎರಡು ಮೂರು ಶಬ್ದ ಮಾತ್ರ ಆಡಬಹುದು ಎನ್ನುವಷ್ಟು. ಉಳಿದ ದಿನ ಮೊದಲಿನ ಹಾಗೇ ನಿಧಾನ. 90 ಸೆಕೆಂಡ್ ಏಕೆ ಎಂದರೆ, 5:44ಕ್ಕೆ 400 ಮೀಟರಿನ ಒಂದು ಸುತ್ತು ಹತ್ತಿರ ಹತ್ತಿರ 92 ಸೆಕೆಂಡಿಗೆ ಬರಬೇಕು. 84ಕ್ಕೆ ಓಡಿ ತೋರಿಸುವ ಆಸೆ ಆಗುತ್ತದೆ. ಮಾಸ್ಟ್ರು ಬಿಡಲಿಲ್ಲ. ಮೊದಲನೆಯದೂ ಆರನೆಯದೂ ಒಂದೇ ಟೈಮಿಗೆ ಬಂದರೆ ಮಾತ್ರ ಆ ದಿನದ ಕೆಲಸ ಸರಿಯಾಯಿತು ಎನ್ನುತ್ತಿದ್ದರು.

ಆಗ ಬಂತು ತೊಂದರೆ. ಮಳೆ ನಿಂತ ಮೇಲೆ ನಮ್ಮ ಮುರ ಮಣ್ಣು ಸಿಮೆಂಟಿನಷ್ಟು ಗಟ್ಟಿ ಆಗುತ್ತದೆ. ಎರಡೂ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಓಡುತ್ತಾ ಓಡುತ್ತಾ ಕಡಿಮೆ ಆಗುತ್ತಿತ್ತು. ಆಮೇಲೆ ಬೆಳಗ್ಗೆ ಹಾಸಿಗೆಯಿಂದ ಇಳಿಯುವಾಗಲೂ ನೋವು. ಕಾಸರಗೋಡಿನಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಸೇರಿ 850 ರೂಪಾಯಿ. ಎಲುಬಿಗೆ ಏನೂ ಆಗಿಲ್ಲ, ಶಿನ್ ಸ್ಪ್ಲಿಂಟ್, ಓಟ ನಿಲ್ಲಿಸಿ ವಿಶ್ರಾಂತಿ ಕೊಡಿ ಎಂದರು. ಇದನ್ನು ಓದುವವರು ಗಮನಿಸಿ: ಎಲುಬಿನ ಉದ್ದಕ್ಕೆ ಹರಡಿದ ನೋವಾದರೆ ಸಾಮಾನ್ಯವಾಗಿ ಇದೇ. ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ಜೀವ ಹೋಗುವಂತೆ ನೋವಾದರೆ, ರಾತ್ರಿ ಮಲಗಿದಾಗಲೂ ನೋವಾದರೆ, ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ತಡ ಮಾಡದೆ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡಬೇಡಿ.

ಅದೇ ವಾರ ಶಾರ್ಟ್‌ಲಿಸ್ಟ್ ಬಂತು. ಹೆಸರಿತ್ತು. ಖುಷಿ ಪಡಬೇಕಾದ ದಿನ, ನಾನು ಜಗಲಿಯಲ್ಲಿ ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದೆ. ಅಮ್ಮ ಏನೂ ಹೇಳಲಿಲ್ಲ, ಐಸ್ ಕರಗಿದ ಹಾಗೆ ಬಟ್ಟೆ ಬದಲಿಸುತ್ತಾ ಇದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾಸ್ಟ್ರು ಬಂದು ನೋಡಿ, ಕಾಲು ಬೇಡ ಎಂದರೆ ಕೈಗೆ ಗಮನ ಕೊಡು ಎಂದರು. ಓಟ ನಿಂತಷ್ಟು ದಿನವೂ ಪುಲ್-ಅಪ್ ಮತ್ತು ಹಗ್ಗ ಮುಖ್ಯ ಆಯಿತು. ತೋಟದ ದೊಡ್ಡ ಹಲಸಿನ ಮರದ ಕೊಂಬೆಗೆ ದಪ್ಪ ಹಗ್ಗ ಕಟ್ಟಿದೆವು. ದಿನ ಬಿಟ್ಟು ದಿನ ಅದು. ನಡುವಿನ ದಿನಗಳಲ್ಲಿ ಸೈಕಲ್, ಉಸಿರು ಕಳೆದುಕೊಳ್ಳದ ಹಾಗೆ. ದಿನಾ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಮೀನಖಂಡ ಗಟ್ಟಿಯಾಗಲು. ನೋವು ಪೂರ್ತಿ ಹೋಗಿ ಮತ್ತೆ ಓಡುವಷ್ಟರಲ್ಲಿ ಪುಲ್-ಅಪ್ ಹನ್ನೊಂದಕ್ಕೆ ಬಂದಿತ್ತು. ಹಗ್ಗದ ಭಯ ಪೂರ್ತಿ ಬಿಟ್ಟಿತ್ತು. ಆಮೇಲೆ ಜೋರು ಓಟಕ್ಕೆ ಮುರದ ಮೈದಾನ ಬಿಟ್ಟೆ. ವಾರಕ್ಕೊಮ್ಮೆ ಬೆಳಗ್ಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಮಂಗಳಾ ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ 400ರ ಅಭ್ಯಾಸ. ನಿಧಾನದ ಓಟ ತೋಟದ ಮಣ್ಣಿನ ದಾರಿಯಲ್ಲಿ. ಮಂಜೇಶ್ವರ, ಕುಂಬಳೆಯವರಿಗೆ ಮಂಗಳೂರು ಹತ್ತಿರ. ನಿಜವಾದ 400 ಮೀಟರ್ ಟ್ರ್ಯಾಕ್‌ನಲ್ಲಿ ಓಡಿದ ಅನುಭವ ಪರೀಕ್ಷೆಗೆ ಮೊದಲು ಬೇಕೇ ಬೇಕು.

ಡಿಸೆಂಬರಿನಲ್ಲಿ 1500 ಅಳೆದಾಗ 5:46. ಗುರಿ ಕಣ್ಣಿಗೆ ಕಾಣುತ್ತಿತ್ತು. ಆದರೆ 100 ಮೀಟರ್ 14.4ಕ್ಕೆ ಏರಿತ್ತು. ಇಂಥದ್ದು ಆಗುತ್ತದೆ ಎಂದು ಮಾಸ್ಟ್ರು ಮೊದಲೇ ಹೇಳಿದ್ದರು, ಆದ್ದರಿಂದ ಗಾಬರಿ ಆಗಲಿಲ್ಲ. ಈಗ ವೇಗದ ಸರದಿ. ವಾರಕ್ಕೆ ಎರಡು ದಿನ 30 ಮತ್ತು 60 ಮೀಟರ್, ಮೈಯ ಪೂರ್ತಿ ಬಲ ಹಾಕಿ. ನಡುವೆ ಮೂರು ನಾಲ್ಕು ನಿಮಿಷ ಪೂರ್ತಿ ವಿಶ್ರಾಂತಿ. ನೋಡುವವರಿಗೆ ಇದು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ ಎಂದು ಕಾಣುತ್ತದೆ. ಸ್ನಾಯುವಿನಲ್ಲಿ ಖರ್ಚಾದ ತಕ್ಷಣದ ಶಕ್ತಿ ಮತ್ತೆ ತುಂಬಲು ಅಷ್ಟು ಹೊತ್ತು ಬೇಕು. ಅರ್ಧ ನಿಮಿಷ ಬಿಟ್ಟು ಮತ್ತೆ ಓಡಿದರೆ ಅದು ದಣಿವಿನ ಅಭ್ಯಾಸ ಆಗುತ್ತದೆ, ವೇಗದ ಅಭ್ಯಾಸ ಅಲ್ಲ. ಲಾಂಗ್‌ಜಂಪ್ ಕೂಡ ಅದೇ ದಿನಗಳಲ್ಲಿ. ಓಡಿ ಬರುವ ಹೆಜ್ಜೆ ಎಣಿಸಿ ಗುರುತು ಹಾಕುವುದೇ ಅದರ ಮುಖ್ಯ ಕೆಲಸ. ಹಲಗೆ ದಾಟಿ ಕಾಲಿಟ್ಟರೆ ಐದು ಮೀಟರ್ ಹಾರಿದರೂ ಲೆಕ್ಕಕ್ಕಿಲ್ಲ. 1500ಕ್ಕೆ ವಾರಕ್ಕೆ ಒಂದೇ ಜೋರು ದಿನ ಉಳಿಸಿಕೊಂಡೆವು.

ಸ್ಟಾಪ್‌ವಾಚ್ ವಿಷಯ ಇಲ್ಲೇ ಹೇಳುತ್ತೇನೆ. ಕೈಯಿಂದ ಒತ್ತುವ ವಾಚು 100 ಮೀಟರಿಗೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಥ್ಲೆಟಿಕ್ಸ್‌ನಲ್ಲಿ ಕೈ ಟೈಮಿಂಗ್ ಮತ್ತು ಎಲೆಕ್ಟ್ರಾನಿಕ್ ಟೈಮಿಂಗ್ ನಡುವೆ 0.24 ಸೆಕೆಂಡ್ ವ್ಯತ್ಯಾಸ ಹಿಡಿಯುತ್ತಾರೆ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಂಚು ಕಳೆದುಕೊಂಡದ್ದು ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ. ಗೆಳೆಯನ ಫೋನಿನಲ್ಲಿ 13.9 ಬಂದರೆ ಸಾಕು ಎಂದು ಕೂರಬೇಡಿ. 13.6 ಬರುವ ತನಕ ಮಾಡಿ. ಜನವರಿ ಕೊನೆಗೆ ನನಗೆ 13.6 ಬಂತು.

ಈ ನಡುವೆ ಕಾಗದಪತ್ರದ ಓಡಾಟ. ಪ್ಲಸ್ ಟು ಸರ್ಟಿಫಿಕೇಟ್, ಎಸ್‌ಎಸ್‌ಎಲ್‌ಸಿ ಪುಸ್ತಕ, ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್, ಗುರುತಿನ ಚೀಟಿ. ನನ್ನ ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿದೆ. ಇಬ್ಬರೂ ಒಬ್ಬನೇ ಎಂದು ಗ್ರಾಮ ಕಚೇರಿಯಿಂದ ಸರ್ಟಿಫಿಕೇಟ್ ತರಬೇಕಾಯಿತು. ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರ) ಅರ್ಜಿ ಹಾಕಿದೆ. ಮೊದಲ ಸಲ ವಾಪಸ್ ಬಂತು, ಕಾರಣ ಮಲಯಾಳದಲ್ಲಿ ಒಂದೇ ಸಾಲು. ಓದಲು ಬಾರದೆ ಪಕ್ಕದ ಮನೆಯವರಿಂದ ಓದಿಸಿಕೊಂಡೆ. ಮನೆ ಹೆಸರು ಒಂದು ಕಡೆ ಬೇರೆ ಬರೆದಿತ್ತು ಅಷ್ಟೇ. ಸರಿ ಮಾಡಿಸಿ ಮತ್ತೆ ಹಾಕಿ ಕಾದದ್ದಾಯಿತು. ಕಾಲಿನ ಅಭ್ಯಾಸಕ್ಕಿಂತ ಈ ಕಾಯುವಿಕೆ ನನ್ನನ್ನು ಹೆಚ್ಚು ಕುಗ್ಗಿಸಿತು. ಹೆಸರು, ಮನೆ ಹೆಸರು, ಹುಟ್ಟಿದ ತಾರೀಕು ಎಲ್ಲ ಕಾಗದದಲ್ಲೂ ಒಂದೇ ಇದೆಯಾ ಎಂದು ಶಾರ್ಟ್‌ಲಿಸ್ಟ್‌ಗೆ ಕಾಯದೆ ಇವತ್ತೇ ನೋಡಿಕೊಳ್ಳಿ. ಅಸಿಸ್ಟೆಂಟ್ ಸರ್ಜನ್ ದರ್ಜೆಗಿಂತ ಕಡಿಮೆ ಇಲ್ಲದ ಸರ್ಕಾರಿ ಡಾಕ್ಟರರ ಮೆಡಿಕಲ್ ಸರ್ಟಿಫಿಕೇಟ್ ಕೂಡ ಬೇಕು. ಅಧಿಸೂಚನೆಯಲ್ಲಿ ಕೊಟ್ಟ ನಮೂನೆಯಲ್ಲೇ ಮಾಡಿಸಿ. ಕನ್ನಡಕ ಇಲ್ಲದೆ ಕಣ್ಣಿನ ದೃಷ್ಟಿ 6/6 ಇರಬೇಕು. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು ಇದ್ದರೆ ಅನರ್ಹ ಮಾಡುತ್ತಾರೆ. ಇದನ್ನು ತಿಂಗಳುಗಟ್ಟಲೆ ಓಡಿದ ಮೇಲೆ ತಿಳಿಯುವುದಕ್ಕಿಂತ ಓಟ ಶುರು ಮಾಡುವ ಮೊದಲೇ ಒಬ್ಬ ಡಾಕ್ಟರಿಗೆ ತೋರಿಸಿ ತಿಳಿದುಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಫೆಬ್ರವರಿಯಲ್ಲಿ, ಕಣ್ಣೂರು ಕಡೆಯ ಒಂದು ಮೈದಾನದಲ್ಲಿ. ಕಾಸರಗೋಡಿನವರು ಸೇರುವ ಬೆಟಾಲಿಯನ್ ಕೆಎಪಿ (ಕೇರಳ ಸಶಸ್ತ್ರ ಪೊಲೀಸ್) 4, ಅದರ ಕೇಂದ್ರವೂ ಆ ಕಡೆಯೇ. ಕೊನೆಯ ಹತ್ತು ದಿನ ಓಟವನ್ನು ಅರ್ಧಕ್ಕೆ ಇಳಿಸಿದೆವು, ಜೋರು ಮಾತ್ರ ಹಾಗೇ. ಆಗ ಕಾಲು ಭಾರ ಅನಿಸಿತು, ಎಲ್ಲಾ ಮರೆತುಹೋಯಿತೋ ಎನಿಸಿತು. ಕೇಳಿದವರೆಲ್ಲ ತಮಗೂ ಹಾಗೇ ಆಗಿತ್ತು ಎಂದರು. ಹಿಂದಿನ ದಿನವೇ ಹೋಗಿ ಲಾಡ್ಜ್ ಹಿಡಿದೆ, 700 ರೂಪಾಯಿ. ಬೆಳಗ್ಗೆ ಐದೂವರೆಗೆ ಗೇಟಿನ ಹತ್ತಿರ ಇರಬೇಕಿತ್ತು, ಊರಿಂದ ಹೊರಟರೆ ಮುಟ್ಟುವುದಿಲ್ಲ.

ಮೊದಲು ಎತ್ತರ, ಎದೆ. ಅಲ್ಲೇ ಕೆಲವರು ವಾಪಸಾದರು. ನನ್ನ ಹಿಂದೆ ನಿಂತಿದ್ದವನು ಅರ್ಧ ಸೆಂಟಿಮೀಟರಿಗೆ ಹೋದ. ಅವನ ಜೊತೆ ಆಗ ತಾನೇ ಮಾತಾಡಿದ್ದೆ, ವರ್ಷದಿಂದ ತಯಾರಾಗಿದ್ದನಂತೆ. ಆಮೇಲೆ 100 ಮೀಟರ್. ನಮ್ಮ ಗುಂಪಿಗೆ ಓಟಕ್ಕೆ ಒಂದೇ ಅವಕಾಶ ಎಂದರು. ಶಿಳ್ಳೆ ಕೇಳಿದ್ದು ಗೊತ್ತು, ನಡುವಿನದು ಏನೂ ನೆನಪಿಲ್ಲ. ಪಾಸು. ಲಾಂಗ್‌ಜಂಪ್ ಮೊದಲನೆಯದು ಫೌಲ್, ಎರಡನೆಯದರಲ್ಲಿ ಆಯಿತು. ಪುಲ್-ಅಪ್‌ನಲ್ಲಿ ಗದ್ದ ಕಂಬಿಯ ಮೇಲೆ ಬಂದು, ಕೆಳಗೆ ಕೈ ಪೂರ್ತಿ ನೇರ ಆದರೆ ಮಾತ್ರ ಎಣಿಸುತ್ತಿದ್ದರು. ನನ್ನ ಒಂದನ್ನು ಎಣಿಸಲಿಲ್ಲ, ಒಂಬತ್ತು ಎಳೆದು ಎಂಟು ಆಯಿತು. ಊರಲ್ಲಿ ಎಂಟು ಮಾಡುವವನು ಅಲ್ಲಿ ಎಂಟು ಮಾಡಲಾರ. ಹತ್ತು ಹನ್ನೊಂದು ಇರಲಿ. ಹಗ್ಗ ಸಲೀಸಾಗಿ ಆಯಿತು.

ನಾಲ್ಕು ಕೈಗೆ ಬಂತು. ಬಾಕಿ 1500. ಅದು ಕೊನೆಗೆ, ಬಿಸಿಲು ಏರಿದ ಮೇಲೆ. ಎರಡು ಗಂಟೆ ಹತ್ತಿರ ಕಾಯಬೇಕಾಯಿತು. ನೆರಳು ಕಡಿಮೆ. ಸ್ವಲ್ಪ ಸ್ವಲ್ಪ ಉಪ್ಪು ಹಾಕಿದ ನೀರು, ಎರಡು ಬಾಳೆಹಣ್ಣು, ತಲೆಗೆ ಒದ್ದೆ ಟವೆಲ್. ಕಾಯುವಾಗ ಮೈ ತಣ್ಣಗಾಗಿಬಿಡುತ್ತದೆ. ಹೆಸರು ಕರೆಯುವ ಇಪ್ಪತ್ತು ನಿಮಿಷ ಮೊದಲು ಮತ್ತೆ ನಿಧಾನಕ್ಕೆ ಓಡಿ, ಎರಡು ಸಣ್ಣ ಜೋರು ಓಟ ಮಾಡಿಕೊಂಡೆ.

400 ಮೀಟರ್ ಟ್ರ್ಯಾಕ್‌ನಲ್ಲಿ 1500 ಎಂದರೆ ಮೂರೂ ಮುಕ್ಕಾಲು ಸುತ್ತು. ಮುಗಿಯುವ ಗೆರೆಯನ್ನು ಮೊದಲ ಸಲ ದಾಟುವಾಗ ಆಗಿರುವುದು 300 ಮೀಟರ್. 5:44ಕ್ಕೆ ಅಲ್ಲಿ 69 ಸೆಕೆಂಡ್ ಆಗಿರಬೇಕು, ಮುಂದಿನ ಸಲ 2:40, ಆಮೇಲೆ 4:12. ನಾನು 67, 2:36, 4:06 ಎಂದು ಅಂಗೈಯಲ್ಲಿ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಶಿಳ್ಳೆ ಆದ ಕೂಡಲೇ ಎಲ್ಲರೂ ನುಗ್ಗಿದರು. ನಾನು ಹಿಂದಿನಿಂದ ಮೂರನೆಯವನು. ಆ ಹೊತ್ತಿನಲ್ಲಿ ಅವರ ಜೊತೆ ಹೋಗದೆ ಇರುವುದು ಇಡೀ ತಯಾರಿಯಲ್ಲೇ ಕಷ್ಟದ ಕೆಲಸ. ಗೆರೆ ದಾಟುವಾಗ ಹೊರಗೆ ನಿಂತ ಯಾರೋ ಕೂಗಿದ ಟೈಮ್ 68. ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರೇ ಹಿಂದೆ ಬರತೊಡಗಿದರು. ಮೂರನೆಯದರಲ್ಲಿ ಗಂಟಲು ಒಣಗಿ ಎದೆ ಉರಿಯಿತು. 90ರ ಆ ಹೆಜ್ಜೆ ಕಾಲಿಗೆ ಗೊತ್ತಿತ್ತು, ಬಿಡಲಿಲ್ಲ. ಕೊನೆಯ 200 ಮೀಟರಿಗೆ ಡಿಸೆಂಬರಿನ ವೇಗದ ಅಭ್ಯಾಸ ಕೈ ಹಿಡಿಯಿತು. 5 ನಿಮಿಷ 37 ಸೆಕೆಂಡ್.

ಹುಲ್ಲಿನ ಮೇಲೆ ಬಿದ್ದುಕೊಂಡೇ ಮಾಸ್ಟ್ರಿಗೆ ಫೋನ್ ಮಾಡಿದೆ. ಅಳು ಬಂತು. ಅವರು ಸುತ್ತಿನ ಟೈಮ್ ಕೇಳಿದರು.

ವಾಟ್ಸ್ಆ್ಯಪ್ ಗುಂಪಿನವರಲ್ಲೂ ಪಾಸಾದವರು ಇದ್ದಾರೆ, ಅದನ್ನು ಹೇಳಲೇಬೇಕು. ಮೊದಲೇ ವಾಲಿಬಾಲ್, ಕಬಡ್ಡಿ ಆಡಿ ಮೈ ಹದವಾಗಿದ್ದವರಿಗೆ ದಿನಾ ಎಂಟೂ ಮಾಡಿದರೂ ತಡೆಯಿತು. ನನ್ನ ಹಾಗೆ ಒಂದು ಐಟಂನಲ್ಲಿ ತುಂಬಾ ಹಿಂದೆ ಇರುವವರಿಗೆ ಆ ದಾರಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳಿಗೆ ಐಟಂಗಳ ಪಟ್ಟಿಯೇ ಬೇರೆ, 200 ಮೀಟರ್, ಶಟಲ್ ಓಟ, ಸ್ಕಿಪ್ಪಿಂಗ್ ಎಲ್ಲ ಇವೆ. ಅವರು ಆ ಪಟ್ಟಿ ಇಟ್ಟುಕೊಂಡು ಇದೇ ರೀತಿ ಜೋಡಿ ಗೆರೆ ಎಳೆದು ನೋಡಬಹುದು.

ನನಗೆ ಇನ್ನು ಮೂಲ ದಾಖಲೆಗಳ ಪರಿಶೀಲನೆ ಇದೆ, ಆಮೇಲೆ ರ‍್ಯಾಂಕ್ ಲಿಸ್ಟ್, ಆಮೇಲೆ ಅಡ್ವೈಸ್ ಮೆಮೊ (ನೇಮಕಕ್ಕೆ ಪಿಎಸ್‌ಸಿಯ ಶಿಫಾರಸು ಪತ್ರ). ಇನ್ನೆಷ್ಟು ತಿಂಗಳೋ. ಅಲ್ಲಿ ತನಕ ವಾರಕ್ಕೆ ನಾಲ್ಕು ದಿನ ನಿಧಾನದ ಓಟ ಬಿಡುವುದಿಲ್ಲ. ಬದಿಯಡ್ಕ ಸುತ್ತಮುತ್ತಲಿನವರು ತಮ್ಮ ಮೈದಾನ ಅಳೆಯಬೇಕಿದ್ದರೆ ಮಾಸ್ಟ್ರ 30 ಮೀಟರ್ ಟೇಪ್ ಈಗ ನನ್ನ ಹತ್ತಿರವೇ ಇದೆ. ಆದಿತ್ಯವಾರ ಬೆಳಗ್ಗೆಯಾದರೆ ನಾನೇ ತೆಗೆದುಕೊಂಡು ಬರುತ್ತೇನೆ.